ಆಸ್ಟೆರಾಕ್ಕೆ ಹೋಗಿಬಂದೆ

ಈ ಬೇಸಿಗೆಯಲ್ಲಿ ನಾನೊಂದು ಊರಿಗೆ ಹೋಗಿಬಂದೆ. ಆ ಊರಿಗೆ ಬಸ್ಸಿಲ್ಲ, ರೈಲಿಲ್ಲ. ಹೋಗುವಾಗ ಚಪ್ಪಲಿ ಮೆಟ್ಟಬೇಕಾಗಿಲ್ಲ. ಬರುವಾಗ ಕಾಲು ನೋಯುವುದಿಲ್ಲ, ಹೆಬ್ಬೆರಳು ಮಾತ್ರ ನೋಯುತ್ತದೆ.

ನನಗೀಗ 74 ವರ್ಷ. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ನೌಕರಿಯಲ್ಲಿದ್ದಾಗ ನಾಲ್ಕು ವರ್ಷಕ್ಕೊಮ್ಮೆ ಸಿಗುತ್ತಿದ್ದ ಎಲ್.ಎಫ್.ಸಿ.ಯಲ್ಲಿ ಕಾಶಿ, ಡಾರ್ಜಿಲಿಂಗ್, ಕನ್ಯಾಕುಮಾರಿ ಎಲ್ಲ ಸುತ್ತಿದ್ದೆ. ಈಗ ಮಂಡಿ ಕೇಳುವುದಿಲ್ಲ. ಶಿವಮೊಗ್ಗದ ಮನೆಯಿಂದ ಬೆಂಗಳೂರಿನ ಮಗನ ಮನೆಗೆ ಬರುವುದೇ ನನ್ನ ಪಾಲಿನ ದೊಡ್ಡ ಯಾತ್ರೆ.

ಹಾಗೆ ಬಂದು ಏಪ್ರಿಲಿನಲ್ಲಿ ಸೋಫಾದ ಮೇಲೆ ಕೂತಿದ್ದಾಗ ಮೊಮ್ಮಗ ಅಥರ್ವ ಕೇಳಿದ: "ಅಜ್ಜ, ನಿನ್ನ ಒಂದು ಕಾಡಿಗೆ ಕರ್ಕೊಂಡು ಹೋಗ್ತೀನಿ, ಬರ್ತೀಯಾ? ನೀನು ಹತ್ತೋದು ಇಳಿಯೋದು ಏನೂ ಇರಲ್ಲ."

ಅವನು ಕರೆದದ್ದು ಕಂಪ್ಯೂಟರಿನ ಮುಂದಿನ ಕುರ್ಚಿಗೆ.

ಟಿಕೆಟ್ ತೆಗೆಯುವ ಮೊದಲು

ಬ್ಯಾಂಕಿನವನಿಗೆ ಸಣ್ಣ ಅಕ್ಷರ ಓದುವ ಚಾಳಿ ಸಾಯುವವರೆಗೂ ಹೋಗುವುದಿಲ್ಲ. ಆದ್ದರಿಂದ ಮೊದಲು ವಿವರ ಕೇಳಿ ತಿಳಿದುಕೊಂಡೆ. ಆಟದ ಹೆಸರು 'ಮಾನ್‌ಸ್ಟರ್ ಹಂಟರ್: ವರ್ಲ್ಡ್'. ಮಾಡಿದವರು ಜಪಾನಿನ ಒಸಾಕ ನಗರದ ಕ್ಯಾಪ್‌ಕಾಮ್ ಕಂಪನಿಯವರು. ಈ ಸರಣಿಯ ಮೊದಲ ಆಟ 2004ರಲ್ಲಿ ಪ್ಲೇಸ್ಟೇಷನ್ 2 ಎಂಬ ಯಂತ್ರಕ್ಕೆ ಬಂತು. ಆಮೇಲೆ ಅಂಗೈಯಲ್ಲಿ ಹಿಡಿಯುವ ಯಂತ್ರಕ್ಕೂ ಬಂದಾಗ ಜಪಾನಿನ ಹುಡುಗರು ಎದುರುಬದುರು ಕೂತು, ಒಬ್ಬೊಬ್ಬರು ಒಂದೊಂದು ಯಂತ್ರ ಹಿಡಿದು, ನಾಲ್ವರು ಸೇರಿ ಒಂದೇ ಮೃಗವನ್ನು ಬೇಟೆಯಾಡುವುದು ಅಲ್ಲಿ ದೊಡ್ಡ ಹುಚ್ಚಾಯಿತು. ನಾನು ಹೋದದ್ದು 2018ರಲ್ಲಿ ಬಂದ ಆಟಕ್ಕೆ. ಇದರ 2 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ.

ವಯಸ್ಸಿನ ವಿಷಯವನ್ನೂ ನೋಡಿದೆ. ಇದು 13 ದಾಟಿದವರಿಗೆ ಎಂದು ಅಮೆರಿಕದವರು ಗುರುತು ಹಾಕಿದ್ದಾರೆ, 16 ದಾಟಿದವರಿಗೆ ಎಂದು ಯೂರೋಪಿನವರು. ಅಥರ್ವನಿಗೆ 14. ಅವನ ಅಪ್ಪ ಪಕ್ಕದಲ್ಲಿ ಕೂತು, ತಾನೂ ಆಡಿ ನೋಡಿ ಒಪ್ಪಿದ ಮೇಲೆಯೇ ಅವನಿಗೆ ಆಡಲು ಬಿಟ್ಟದ್ದು. ಈ ಪುಟ ಓದುತ್ತಿರುವ ಚಿಕ್ಕ ಮಕ್ಕಳು ಸದ್ಯಕ್ಕೆ ನನ್ನ ಪ್ರವಾಸವನ್ನು ಓದಿಕೊಂಡರೆ ಸಾಕು.

ಮನೆಯಲ್ಲಿ ಎರಡು ಪ್ರತಿ ಇದ್ದವು. ನನ್ನ ಮಗ ಹಿಂದೆ ತನ್ನ ಕಂಪ್ಯೂಟರಿಗೆ ಕೊಂಡದ್ದು ಒಂದು. ರಿಯಾಯಿತಿ ಸಿಕ್ಕಾಗ ಅಥರ್ವ ಹುಟ್ಟುಹಬ್ಬದ ದುಡ್ಡಿನಲ್ಲಿ ತನ್ನ ಲ್ಯಾಪ್‌ಟಾಪಿಗೆ ಕೊಂಡದ್ದು ಇನ್ನೊಂದು. ಹೀಗೆ ನಾನು ಒಂದು ಕೋಣೆಯಲ್ಲಿ, ಅವನು ಇನ್ನೊಂದು ಕೋಣೆಯಲ್ಲಿ. ಹುಬ್ಬಳ್ಳಿಯಿಂದ ನನ್ನ ಮಗಳ ಮಗಳು ಇಂಚರ. ನಾಲ್ಕನೆಯವನು ಅಥರ್ವನ ಸಹಪಾಠಿ ಪೃಥ್ವಿ, ಅವನ ಮನೆ ಎರಡು ಬೀದಿ ಆಚೆ. ನಾಲ್ವರ ಕಿವಿಗೂ ಹೆಡ್‌ಫೋನು. ಮಾತು ಒಂದೇ ಜಗಲಿಯಲ್ಲಿ ಕೂತ ಹಾಗೆ ಕೇಳುತ್ತದೆ.

ಕೈಗೆ ಕೊಡುವ ಕಂಟ್ರೋಲರಿನಲ್ಲಿ ಎರಡು ಪುಟ್ಟ ಗುಬಟುಗಳಿವೆ. ಎಡಗೈ ಹೆಬ್ಬೆರಳು ಕಾಲು, ಬಲಗೈ ಹೆಬ್ಬೆರಳು ಕುತ್ತಿಗೆ. ನಡೆಯುತ್ತಾ ಅತ್ತಿತ್ತ ನೋಡುವುದನ್ನು ನಾವು ಒಂದು ವರ್ಷದ ಕೂಸಾಗಿದ್ದಾಗಲೇ ಕಲಿತಿರುತ್ತೇವೆ. ಅದನ್ನು 74ನೇ ವಯಸ್ಸಿನಲ್ಲಿ ನಾನು ಮತ್ತೆ ಕಲಿಯಬೇಕಾಯಿತು. ಮೊದಲ ಅರ್ಧ ಗಂಟೆ ಆಕಾಶ ನೋಡುತ್ತಾ ಗೋಡೆಗೆ ಹಾಯುತ್ತಿದ್ದೆ.

ಹಡಗುಗಳಿಂದ ಕಟ್ಟಿದ ಊರು

ಪ್ರವಾಸ ಶುರುವಾಗುವುದು ಹಡಗಿನಲ್ಲಿ. ಆ ಲೋಕದಲ್ಲಿ ಹತ್ತು ವರ್ಷಕ್ಕೊಮ್ಮೆ ಪ್ರಾಚೀನ ಮಹಾಮೃಗಗಳು ಸಮುದ್ರ ದಾಟಿ 'ಹೊಸ ಲೋಕ'ಕ್ಕೆ ಹೋಗುತ್ತವೆ. ಯಾಕೆ ಹೋಗುತ್ತವೆ ಎಂದು ತಿಳಿಯಲು ಒಂದು ಸಂಶೋಧನಾ ತಂಡ ಹಡಗು ಹಡಗಾಗಿ ಅಲ್ಲಿಗೆ ಹೊರಡುತ್ತದೆ. ಮೊದಲ ತಂಡದವರು ಹೋಗಿ 40 ವರ್ಷವಾಗಿದೆ. ನಾವು ಐದನೆಯ ತಂಡ. ದಾರಿಯಲ್ಲಿ ನಮ್ಮ ಹಡಗು ಒಂದು ಬೆಟ್ಟಕ್ಕೆ ತಗಲಿ ಮೇಲೆದ್ದಿತು. ಬೆಟ್ಟ ಅಲ್ಲ, ಅದು ಜೋರಾ ಮ್ಯಾಗ್ಡರೋಸ್ ಎಂಬ ಮೃಗದ ಬೆನ್ನು! ಬೆನ್ನಿನ ಮೇಲೆ ಬಂಡೆ, ಬಿರುಕಿನಲ್ಲಿ ಕೆಂಡದಂಥ ಲಾವಾ. ಅಂತೂ ಇಂತೂ ದಡ ಸೇರಿ, ಕಾಡು ದಾಟಿ ಆಸ್ಟೆರಾ ತಲುಪಿದೆ.

ಆಸ್ಟೆರಾ ನನಗೆ ಬಹಳ ಹಿಡಿಸಿತು. ಹಳೆಯ ಹಡಗುಗಳನ್ನು ಬಿಚ್ಚಿ, ಅದೇ ಹಲಗೆ, ಹಾಯಿಬಟ್ಟೆ, ಹಗ್ಗಗಳಿಂದ ಬಂಡೆಯ ಪಕ್ಕದಲ್ಲಿ ಅಂತಸ್ತು ಅಂತಸ್ತಾಗಿ ಊರು ಕಟ್ಟಿಕೊಂಡಿದ್ದಾರೆ. ಕೆಳಗೆ ಸಾಮಾನಿನ ಪೇಟೆ. ಅದರ ಮೇಲೆ ನೀರಿನ ಚಕ್ರ ತಿರುಗುವ ಕಮ್ಮಾರಸಾಲೆ. ಅದರ ಮೇಲೆ ಊಟದ ಮನೆ. ಎಲ್ಲಕ್ಕೂ ಮೇಲೆ, ಬಂಡೆಯ ನೆತ್ತಿಯಲ್ಲಿ ಸಿಕ್ಕಿಕೊಂಡ ಒಂದು ಇಡೀ ಹಡಗು, ಅದೇ ಬೇಟೆಗಾರರು ಸೇರುವ ಕಟ್ಟೆ. ಪೇಟೆಯ ಒಂದು ಮೂಲೆಯಲ್ಲಿ ಪುಸ್ತಕಗಳ ರಾಶಿಯ ನಡುವೆ ಒಬ್ಬ ಮುದುಕ ಪ್ರಾಣಿಶಾಸ್ತ್ರಜ್ಞ ಕೂತಿರುತ್ತಾನೆ. ನಾವು ಕಾಡಿನಲ್ಲಿ ಕಂಡ ಹೆಜ್ಜೆ ಗುರುತು, ಪರಚಿದ ಗುರುತುಗಳನ್ನು ಅವನಿಗೆ ಒಪ್ಪಿಸಿದರೆ, ಆ ಮೃಗದ ಬಗ್ಗೆ ಹೊಸ ವಿಷಯವನ್ನು ನಮ್ಮ ಪುಸ್ತಕದಲ್ಲಿ ಬರೆದುಕೊಡುತ್ತಾನೆ. ನನ್ನ ಮಟ್ಟಿಗೆ ಊರಿನ ಅತ್ಯಂತ ಗೌರವಾನ್ವಿತ ವ್ಯಕ್ತಿ ಅವನೇ.

ಅಡುಗೆಯವನು ಒಂದು ಬೆಕ್ಕು. ಪೈಲ್ವಾನನ ಮೈಕಟ್ಟು, ಕುರುಡಾದ ಒಂದು ಕಣ್ಣಿನ ಮೇಲೆ ಗಾಯದ ಗೆರೆ. ಬೇಟೆಗೆ ಹೊರಡುವ ಮೊದಲು ಅವನ ಕೈಯಡುಗೆ ಉಂಡರೆ ಮೈಯ ಬಲವೂ ದಮ್ಮೂ ಹೆಚ್ಚುತ್ತವೆ. ಮಾಂಸದ ತಟ್ಟೆ, ಮೀನಿನ ತಟ್ಟೆ, ತರಕಾರಿ ತಟ್ಟೆ ಎಂದು ಬೇರೆಬೇರೆ ಇವೆ. ನಾನು ತರಕಾರಿ ತಟ್ಟೆ ಹೇಳಿದೆ. ಹೆಡ್‌ಫೋನಿನಲ್ಲಿ ಮೂವರೂ ಬಿದ್ದುಬಿದ್ದು ನಕ್ಕರು.

ಪ್ರತಿಯೊಬ್ಬ ಬೇಟೆಗಾರನ ಜೊತೆಗೂ ಒಂದು ಬೆಕ್ಕು ಇರುತ್ತದೆ. ಅದಕ್ಕೆ ಪ್ಯಾಲಿಕೋ ಎನ್ನುತ್ತಾರೆ, ಹೆಸರು ನಾವೇ ಇಡಬಹುದು. ನನ್ನದಕ್ಕೆ ಗುಂಡ ಎಂದು ಹೆಸರಿಟ್ಟೆ. ಶಿವಮೊಗ್ಗದ ಮನೆಯಲ್ಲಿ ನನ್ನ ಹೆಂಡತಿ ಹಾಲು ಹಾಕಿ ಸಾಕಿದ್ದ ಬೆಕ್ಕಿನ ಹೆಸರದು. ಅವಳೂ ಇಲ್ಲ, ಬೆಕ್ಕೂ ಇಲ್ಲ. ಈ ಗುಂಡ ನಾನು ಗಾಯಗೊಂಡಾಗ ಓಡಿ ಬಂದು ಔಷಧಿ ಕೊಡುತ್ತಾನೆ. ಆ ಗುಂಡ ಇಲಿಯನ್ನೂ ಹಿಡಿಯುತ್ತಿರಲಿಲ್ಲ.

ದಾರಿ ತೋರಿಸುವ ಮಿಂಚುಹುಳು

ಊರಿನ ಬಾಗಿಲು ದಾಟಿದರೆ ಪುರಾತನ ಕಾಡು. ಮೊದಲು ಸಮುದ್ರದ ದಂಡೆ, ಹುಲ್ಲು ಮೇಯುವ ಸಾಧು ಪ್ರಾಣಿಗಳು. ಒಳಗೆ ಹೋದಂತೆ ಮರದ ಮೇಲೆ ಮರ. ಬೇರೇ ಸೇತುವೆ, ಬಳ್ಳಿಯೇ ಏಣಿ. ಕಾಡು ಉದ್ದಕ್ಕೆ ಮಾತ್ರ ಹರಡಿಲ್ಲ, ಮಹಡಿಯ ಹಾಗೆ ಮೇಲಕ್ಕೂ ಬೆಳೆದಿದೆ. ತುತ್ತತುದಿಯಲ್ಲಿ ಬೆಂಕಿ ಉಗುಳುವ ರಾಥಲೋಸ್ ಎಂಬ ರೆಕ್ಕೆಯ ಮೃಗದ ಗೂಡು. ನಾನು ನೌಕರಿಯಲ್ಲಿ ಆರು ವರ್ಷ ತೀರ್ಥಹಳ್ಳಿ ಕಡೆ ಇದ್ದವನು, ಕಾಡು ಎಂದರೆ ಹೊಸದಲ್ಲ. ಆದರೂ ಇಲ್ಲಿ ದಾರಿ ತಪ್ಪಿ, ಇಳಿದ ಕಡೆಯೇ ನಾಲ್ಕು ಸಲ ಇಳಿದೆ.

ದಾರಿ ತೋರಿಸಲು ಹಸಿರು ಮಿಂಚುಹುಳುಗಳಿವೆ. ಸೊಂಟದ ಪಂಜರದಿಂದ ಹಾರಿ, ನೆಲದಲ್ಲಿ ಬಿದ್ದ ಹೆಜ್ಜೆಯ ಮೇಲೆ, ಮರಕ್ಕೆ ಮೆತ್ತಿದ ಜೊಲ್ಲಿನ ಮೇಲೆ ಕೂರುತ್ತವೆ. ಗುರುತು ಹೆಚ್ಚು ಸಿಕ್ಕಷ್ಟೂ ಮೃಗದ ಜಾಡು ಖಚಿತವಾಗುತ್ತದೆ. ದೊಡ್ಡ ಮೃಗ ನಮ್ಮ ಮೇಲೆ ಬಿದ್ದರೆ ಹುಳುಗಳು ಕೆಂಪಾಗುತ್ತವೆ. ಬೇಟೆ ಎಂದರೆ ಹೊಡೆಯುವುದು ಎಂದುಕೊಂಡಿದ್ದೆ. ಅಲ್ಲಿ ಬಹುಪಾಲು ಸಮಯ ನಾವು ನೆಲ ನೋಡುತ್ತಾ ನಡೆಯುತ್ತೇವೆ.

ನೋಡುವುದಕ್ಕೇ ಬಹಳ ಇದೆ. ಗ್ರೇಟ್ ಜಾಗ್ರಾಸ್ ಎಂಬ ಉಡದಂಥ ದೊಡ್ಡ ಮೃಗ ಇಡೀ ಒಂದು ಆಪ್ಟೊನಾಥನ್ನು, ಅಂದರೆ ನಮ್ಮ ಎಮ್ಮೆಗಿಂತ ದೊಡ್ಡ ಪ್ರಾಣಿಯನ್ನು, ಹಾಗೇ ನುಂಗಿ ಹೊಟ್ಟೆ ಎಳೆದುಕೊಂಡು ಹೋಗುವುದನ್ನು ಪೊದೆಯಲ್ಲಿ ಅಡಗಿ ನೋಡಿದೆ. ಮದುವೆ ಮನೆಯಲ್ಲಿ ಎರಡನೇ ಪಂಕ್ತಿ ಮುಗಿಸಿ ಏಳುವವರು ನೆನಪಾದರು. ಕುಲು-ಯಾ-ಕು ಎಂಬ ಹಕ್ಕಿಯಂಥ ಮೃಗ ಮೊಟ್ಟೆ ಕದಿಯುತ್ತದೆ. ಹೊಡೆಯಲು ಹೋದರೆ ಕಲ್ಲುಗುಂಡನ್ನು ಅಗೆದು ಅವುಚಿಕೊಂಡು ಗುರಾಣಿ ಮಾಡಿಕೊಳ್ಳುತ್ತದೆ. ಮೃಗಗಳು ತಮ್ಮ ತಮ್ಮಲ್ಲೇ ಜಾಗಕ್ಕಾಗಿ ಕಾದಾಡುತ್ತವೆ, ದಣಿಯುತ್ತವೆ, ಕುಂಟುತ್ತಾ ಗೂಡಿಗೆ ಹೋಗಿ ಮಲಗುತ್ತವೆ.

ಆ ಕುಂಟುವುದನ್ನು ನೋಡಿ ನನಗೆ ಒಂದು ಇರುಸುಮುರುಸು ಶುರುವಾಯಿತು. ನಮ್ಮ ದೇಶದಲ್ಲಿ 1972ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಬೇಟೆ ಅಪರಾಧ. ಮಕ್ಕಳಿಗೆ ಅದನ್ನೇ ಹೇಳಿಕೊಟ್ಟವನು ನಾನು. ಇಲ್ಲಿ ಮೃಗದ ಚರ್ಮ, ಮೂಳೆಯಿಂದಲೇ ಹೊಸ ಆಯುಧ, ಕವಚ ಮಾಡಿಸಬೇಕು. "ಇದು ಆಟ ಅಜ್ಜ" ಎಂದ ಅಥರ್ವ. ಇಂಚರ ಮಾತ್ರ, "ಕೊಲ್ಲಲೇಬೇಕು ಅಂತ ಇಲ್ಲಜ್ಜ. ದಣಿದ ಮೇಲೆ ಬಲೆಗೆ ಬೀಳಿಸಿ, ನಿದ್ದೆ ಬರೋ ಔಷಧಿ ಹೊಡೆದು ಜೀವಂತ ಹಿಡೀಬಹುದು. ಅದೂ ಗೆದ್ದ ಹಾಗೇನೇ" ಎಂದಳು. ಆ ಮಾತನ್ನು ನನ್ನ ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆ ಹಾಕಿದೆ.

ಹೌದು, ನೋಟ್‌ಬುಕ್ ಇಟ್ಟಿದ್ದೆ. ಗಿಡಮೂಲಿಕೆಯಿಂದ ಔಷಧಿ, ಔಷಧಿಗೆ ಜೇನು ಸೇರಿಸಿದರೆ ದೊಡ್ಡ ಔಷಧಿ, ಇಂಥ ಲೆಕ್ಕಗಳೆಲ್ಲ ಅದರಲ್ಲಿವೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು.

ನಾಲ್ವರ ಜಂಟಿ ಖಾತೆ

ಈಗ ಆ ನಾಡಿನ ಕಾನೂನು ಹೇಳಬೇಕು. ಒಂದು ಬೇಟೆಗೆ ಹೆಚ್ಚೆಂದರೆ ನಾಲ್ವರು. ಕಾಲಾವಕಾಶ ಸಾಮಾನ್ಯವಾಗಿ 50 ನಿಮಿಷ. ಏಟು ತಿಂದು ಬಲವೆಲ್ಲ ಮುಗಿದರೆ ಬೇಟೆಗಾರ ಸಾಯುವುದಿಲ್ಲ, ಮೂರ್ಛೆ ಹೋಗುತ್ತಾನೆ. ಬೆಕ್ಕುಗಳು ಅವನನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ದಡದಡ ಓಡಿ, ಬಿಡಾರದ ಮುಂದೆ ಮೂಟೆ ಸುರಿದ ಹಾಗೆ ಸುರಿದು ಹೋಗುತ್ತವೆ. ಎದ್ದು ಮತ್ತೆ ಹೋಗಬಹುದು. ಆದರೆ ಒಬ್ಬ ಬಿದ್ದರೆ ಎಲ್ಲರ ಸಂಭಾವನೆಯಲ್ಲಿ ಕಡಿತ. ಮೂರು ಸಲ ಬಿದ್ದರೆ ಬೇಟೆಯೇ ಮುಗಿಯಿತು, ನಾಲ್ವರೂ ಬರಿಗೈಯಲ್ಲಿ ಮನೆಗೆ.

ಗಮನಿಸಿ: ಒಬ್ಬೊಬ್ಬರಿಗೆ ಮೂರಲ್ಲ, ನಾಲ್ವರಿಗೂ ಸೇರಿ ಮೂರು. ಒಬ್ಬನೇ ಮೂರನ್ನೂ ಖರ್ಚು ಮಾಡಬಹುದು. ಬ್ಯಾಂಕಿನ ಭಾಷೆಯಲ್ಲಿ ಇದು ಜಂಟಿ ಖಾತೆ, ಯಾರು ಬೇಕಾದರೂ ತೆಗೆಯಬಹುದು. ಸಾಲದ್ದಕ್ಕೆ, ಜೊತೆಗಾರರು ಸೇರಿದಾಗ ಮೃಗದ ತಾಳಿಕೆಯನ್ನೂ ಆಟ ಹೆಚ್ಚಿಸುತ್ತದೆ. ಅಂದರೆ ಕೈಲಾಗದವನೊಬ್ಬ ಜೊತೆಗೆ ಬಂದರೆ ನಷ್ಟ ಎರಡು ಕಡೆಯಿಂದ.

ಇನ್ನೊಂದು ವಿಚಿತ್ರ ನಿಯಮ. ಕಥೆಯ ಮುಖ್ಯ ಬೇಟೆಗಳಲ್ಲಿ ಹೊಸ ಮೃಗವನ್ನು ಮೊದಲ ಸಲ ನಾವು ಒಬ್ಬರೇ ಎದುರಾಗಬೇಕು. ಆ ದೃಶ್ಯ ಮುಗಿದ ಮೇಲೆ ಆಕಾಶಕ್ಕೆ ಒಂದು ಸಂಕೇತದ ಬಾಣ ಹಾರಿಸಿದರೆ ಗೆಳೆಯರು ಬಂದು ಸೇರಬಹುದು. ಗ್ರೇಟ್ ಜಾಗ್ರಾಸ್ ಎದುರು ಒಂಟಿಯಾಗಿ ನಿಂತು, ನಡುಗುವ ಬೆರಳಿನಲ್ಲಿ ಆ ಬಾಣ ಹಾರಿಸಿ, "ಬಂದ್ರೇನ್ರೋ?" ಎಂದು ಕೂಗಿದ್ದೆ. "ಬಂದ್ವಿ ಅಜ್ಜ!" ಎಂದು ಮೂವರೂ ಕೂಗಿದರು. ಮೊದಲ ಮೂರು ಬೇಟೆ ಹಾಗೇ ನಡೆದವು. ಹೊಡೆದವರು ಅವರು, ಓಡಾಡಿದವನು ನಾನು.

ನಾಲ್ಕನೆಯ ವಾರ ಅಂಜನಾಥ್ ಸರದಿ ಬಂತು. ಹೆಸರು ಕೇಳಿ ನಮ್ಮ ಕಡೆಯ ಯಾವುದೋ ದೇವರ ಹೆಸರೇ ಇರಬೇಕು ಎಂದುಕೊಂಡೆ. ಬಂದದ್ದು ಡೈನೋಸಾರಿನಂಥ ಭಾರಿ ಮೃಗ, ಬೆನ್ನ ಮೇಲೆ ಕೂದಲು, ಬಾಯಲ್ಲಿ ಬೆಂಕಿ. ನನ್ನ ಕೈಯಲ್ಲಿ ನನಗಿಂತ ದೊಡ್ಡ ಕತ್ತಿ. ಅದನ್ನು ಎತ್ತುವುದರೊಳಗೆ ಬೆಂಕಿಗೆ ಸಿಕ್ಕಿ ಒಂದು ಸಲ ಬಿದ್ದೆ. ಎರಡನೇ ಸಲ ಅದರ ಬಾಯಿಗೇ ಸಿಕ್ಕಿದೆ. ಮೂರನೇ ಸಲ ಔಷಧಿ ಕುಡಿಯುತ್ತಾ ನಿಂತಿದ್ದಾಗ ಹಿಂದಿನಿಂದ ಬಂದು ತುಳಿಯಿತು. ಅರ್ಧ ಗಂಟೆಯಿಂದ ಮಕ್ಕಳು ಪಟ್ಟ ಪಾಡೆಲ್ಲ ನೀರಲ್ಲಿ ಹೋಮ.

ತೆರೆಯ ಮೇಲೆ ಬೇಟೆ ವಿಫಲ ಎಂದು ಬಂತು. ಹೆಡ್‌ಫೋನಿನಲ್ಲಿ ಪೃಥ್ವಿಯ ದನಿ: "ಲೋ ಅಥರ್ವ, ನಾಳೆ ನಿಮ್ಮಜ್ಜನ್ನ ಕರ್ಕೊಂಡ್ ಬರ್ಬೇಡ ಕಣೋ. ಮೂರೂ ಅವರೇ ತಿಂದುಬಿಟ್ರು."

ನಾನು ಹೆಡ್‌ಫೋನ್ ತೆಗೆದಿರುತ್ತೇನೆ ಎಂದುಕೊಂಡಿದ್ದ ಹುಡುಗ. ಯಾರೂ ಮಾತಾಡಲಿಲ್ಲ. "ಕಣ್ಣು ಉರೀತಾ ಇದೆ ಮಕ್ಕಳೇ, ನಾನು ಏಳ್ತೀನಿ" ಎಂದು ಎದ್ದೆ.

ರಾಯರ ಕೌಂಟರ್

ಮರುದಿನ ಅಥರ್ವ ಕರೆದಾಗ ವಾಕಿಂಗ್ ನೆಪ ಹೇಳಿದೆ. ಅದರ ಮರುದಿನ ತಲೆನೋವು. ಹುಡುಗನ ಮೇಲೆ ನನಗೆ ಕೋಪ ಬಂದಿರಲಿಲ್ಲ. ಅವನು ಹೇಳಿದ್ದು ಲೆಕ್ಕದ ಪ್ರಕಾರ ಸರಿಯೇ. ನನ್ನನ್ನು ಕೊರೆಯುತ್ತಿದ್ದದ್ದು ಬೇರೆ. ಅಂಥದೇ ಮಾತನ್ನು ನಾನೂ ಒಮ್ಮೆ ಆಡಿದ್ದೆ.

ನಮ್ಮ ಶಾಖೆಗೆ ಕಂಪ್ಯೂಟರ್ ಬಂದ ಹೊಸದು. ನಮ್ಮ ಹಿರಿಯ ಕ್ಯಾಷಿಯರನ್ನು ಎಲ್ಲರೂ ರಾಯರು ಎಂದೇ ಕರೆಯುತ್ತಿದ್ದರು. ನೂರರ ಕಟ್ಟನ್ನು ಅವರು ಎಣಿಸುವ ಸದ್ದು ಮಳೆ ಬಂದ ಹಾಗೆ ಕೇಳುತ್ತಿತ್ತು, ಒಂದು ದಿನವೂ ಒಂದು ರೂಪಾಯಿ ವ್ಯತ್ಯಾಸ ಬಂದದ್ದಿಲ್ಲ. ಆದರೆ ಕೀಲಿಮಣೆ ಮುಂದೆ ಕೂತರೆ ಒಂದೇ ಬೆರಳು, ಒಂದೊಂದು ಅಕ್ಷರಕ್ಕೂ ಹುಡುಕಾಟ. ಒಂದು ಸಂಬಳದ ದಿನ ಕ್ಯೂ ಬಾಗಿಲಾಚೆಗೆ ಹೋಗಿತ್ತು. ನಾನು ಮ್ಯಾನೇಜರ ಹತ್ತಿರ ಹೋಗಿ, "ಸಾರ್, ಇನ್ಮೇಲೆ ರಾಯರನ್ನ ಕೌಂಟರಿಗೆ ಹಾಕಬೇಡಿ, ಕ್ಯೂ ಕರಗಲ್ಲ" ಎಂದೆ. ತಿರುಗಿ ನೋಡಿದರೆ ರಾಯರು ನೀರಿನ ಲೋಟ ಹಿಡಿದು ನಿಂತಿದ್ದರು. ಏನೂ ಅನ್ನಲಿಲ್ಲ. ನೀರು ಕುಡಿದು ಹೋಗಿ ಕೂತರು.

2000-01ರಲ್ಲಿ ಸರ್ಕಾರಿ ಬ್ಯಾಂಕುಗಳಿಗೆ ಸ್ವಯಂ ನಿವೃತ್ತಿ ಯೋಜನೆ ಬಂದಾಗ ನಮ್ಮ ಶಾಖೆಯಿಂದ ಮೊದಲ ಅರ್ಜಿ ಅವರದು. ನನ್ನ ಮಾತಿನಿಂದಲೇ ಹೋದರು ಎನ್ನಲಾರೆ, ಅವರಿಗೆ ಬೇರೆ ಕಾರಣಗಳೂ ಇದ್ದವು. ಆದರೆ ಆ ಸಂಬಳದ ದಿನಕ್ಕೂ ಅವರ ಅರ್ಜಿಗೂ ನಡುವೆ ಒಂದು ವರ್ಷವೇ ಇತ್ತು. ಒಂದು ಸಂಜೆಯಾದರೂ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು, "ಹೀಗೆ ಒತ್ತಿ ರಾಯರೇ" ಎಂದು ತೋರಿಸಬಹುದಿತ್ತು. ತೋರಿಸಲಿಲ್ಲ. ಈಗ ಅವರು ಇಲ್ಲ.

ಕತ್ತಿ ಬಿಟ್ಟು ಕೊಂಬು ಹಿಡಿದೆ

ಮೂರನೆಯ ದಿನ ಸಂಜೆ ಅಥರ್ವ ಹೆಡ್‌ಫೋನನ್ನು ತಂದು ನನ್ನ ಕೈಗೇ ಕೊಟ್ಟ. "ಪೃಥ್ವಿ ನಿನ್ನ ಹತ್ರ ಮಾತಾಡ್ಬೇಕಂತೆ."

"ಅಜ್ಜ... ಅವತ್ತು ನಾನು..." ಎಂದು ಹುಡುಗ ನಿಲ್ಲಿಸಿದ. ಸ್ವಲ್ಪ ಹೊತ್ತು ಉಸಿರು ಮಾತ್ರ ಕೇಳಿಸಿತು. ಆಮೇಲೆ ಒಂದೇ ಉಸಿರಿಗೆ, "ನಿಮಗೆ ಆ ಕತ್ತಿ ಆಗಲ್ಲ ಅಜ್ಜ. ಹಂಟಿಂಗ್ ಹಾರ್ನ್ ತಗೊಳ್ಳಿ. ನಾನು ಹೇಳಿಕೊಡ್ತೀನಿ" ಎಂದ.

"ಆಯ್ತಪ್ಪ. ಆದ್ರೆ ನಿಧಾನಕ್ಕೆ ಹೇಳಿಕೊಡ್ಬೇಕು."

"ನನಗೇನೂ ಅರ್ಜೆಂಟ್ ಇಲ್ಲ ಅಜ್ಜ."

ಆ ನಾಡಿನಲ್ಲಿ 14 ಬಗೆಯ ಆಯುಧಗಳಿವೆ. ಕತ್ತಿ, ಈಟಿ, ಸುತ್ತಿಗೆ, ಬಿಲ್ಲು, ಹೀಗೆ. ಅವುಗಳ ನಡುವೆ ಒಂದು ವಾದ್ಯವೂ ಇದೆ ಎಂದು ನನಗೆ ತಿಳಿದಿರಲಿಲ್ಲ. ಹಂಟಿಂಗ್ ಹಾರ್ನ್ ಎಂದರೆ ಬೇಟೆಯ ಕೊಂಬು. ಗದೆಯ ಹಾಗೆ ಬೀಸುವ ಭಾರಿ ಕೊಂಬು. ಒಂದೊಂದು ಬೀಸಿಗೂ ಒಂದೊಂದು ಬಣ್ಣದ ಸ್ವರ ಕೂಡಿಕೊಳ್ಳುತ್ತದೆ. ಸ್ವರಗಳು ಸರಿಯಾದ ಕ್ರಮದಲ್ಲಿ ಕೂಡಿದ ಮೇಲೆ ನುಡಿಸಿದರೆ ರಾಗ. ಒಂದು ಕೊಂಬಿನ ರಾಗಕ್ಕೆ ಎಲ್ಲರ ಹೊಡೆತದ ಬಲ ಹೆಚ್ಚುತ್ತದೆ, ಇನ್ನೊಂದರ ರಾಗಕ್ಕೆ ಎಲ್ಲರ ಗಾಯ ಮಾಯುತ್ತದೆ. ಮೃಗದ ಬಾಯಿಗೆ ಎದುರಾಗಿ ನಿಲ್ಲಲೇಬೇಕೆಂದಿಲ್ಲ. ಎಣಿಕೆ ತಪ್ಪಬಾರದು, ಅಷ್ಟೇ.

ಎಣಿಕೆ! ಅದು ನನ್ನ ಕಸುಬು. ಪೃಥ್ವಿ ಎರಡು ಸಂಜೆ ಹೆಡ್‌ಫೋನಿನಲ್ಲಿ ಹೇಳುತ್ತಾ ಹೋದ, ನಾನು ಅಭ್ಯಾಸದ ಅಂಗಳದಲ್ಲಿ ಕೊಂಬು ಬೀಸುತ್ತಾ ಹೋದೆ. ಸ್ವರಗಳ ಕ್ರಮವನ್ನು ನೋಟ್‌ಬುಕ್ಕಿನಲ್ಲಿ ಬರೆದು ಖಾತೆ ನಂಬರ್ ನೆನಪಿಟ್ಟ ಹಾಗೆ ಬಾಯಿಪಾಠ ಮಾಡಿದೆ. ಎರಡನೆಯ ಸಂಜೆ ಅವನಿಗೆ ರಾಯರ ಕಥೆ ಹೇಳಿದೆ. ಕೇಳಿ ಮುಗಿದ ಮೇಲೆ, "ಅವರಿಗೂ ಯಾರಾದ್ರೂ ಹಾರ್ನ್ ಕೊಡ್ಬೇಕಿತ್ತು ಅಲ್ವಾ ಅಜ್ಜ" ಎಂದ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಮತ್ತೆ ಅಂಜನಾಥ್. ನಾನು ಹತ್ತು ಮಾರು ಹಿಂದೆ ನಿಂತು ಬೀಸುತ್ತಾ, ನುಡಿಸುತ್ತಾ ಇದ್ದೆ. "ಅಟ್ಯಾಕ್ ಬಂತು, ಸೂಪರ್ ಅಜ್ಜ!" ಎಂದು ಇಂಚರ ಕೂಗಿದಾಗ ಪಿಂಚಣಿ ಏರಿದ ಸುದ್ದಿಗಿಂತ ಹೆಚ್ಚು ಸಂತೋಷವಾಯಿತು. ಒಮ್ಮೆ ಹುಮ್ಮಸ್ಸಿನಲ್ಲಿ ಹತ್ತಿರ ಹೋಗಿ ಬಾಲದ ಏಟಿಗೆ ಬಿದ್ದೆ. ಎರಡನೆಯ ಸಲ ಬಿದ್ದವನು ಪೃಥ್ವಿ. ತಳ್ಳುಗಾಡಿಯಲ್ಲಿ ಹೋಗುತ್ತಾ, "ಸಾರಿ, ಸಾರಿ" ಎಂದ. "ಇನ್ನೊಂದು ಇದೆ ಬಿಡೋ, ಜಂಟಿ ಖಾತೆ" ಎಂದೆ.

ನಲವತ್ತನೆಯ ನಿಮಿಷದ ಹೊತ್ತಿಗೆ ಮೃಗ ಕುಂಟುತ್ತಾ ಹೊರಟು, ಗೂಡಿನಲ್ಲಿ ಮಲಗಿತು. ಮಲಗಿದ ಮೃಗದ ಹೊಟ್ಟೆ ಏರುತ್ತಾ ಇಳಿಯುತ್ತಾ ಇತ್ತು.

"ಹಿಡಿಯೋಣವೇನ್ರೋ?" ಎಂದೆ.

"ನೀನೇ ಬಲೆ ಇಡು ಅಜ್ಜ" ಎಂದ ಅಥರ್ವ.

ಅಲ್ಲಿ ಬಲೆ ಇಡಲು ಕೆಲವು ಕ್ಷಣ ಮಂಡಿಯೂರಿ ಕೂರಬೇಕು. ಮಕ್ಕಳು ಮೂವರೂ ಆಯುಧ ಬೆನ್ನಿಗೆ ಸಿಕ್ಕಿಸಿಕೊಂಡು ನಿಂತರು. ನಾನು ತಪ್ಪು ಗುಂಡಿ ಒತ್ತಿ ಒಮ್ಮೆ ಔಷಧಿ ಕುಡಿದೆ, ಇನ್ನೊಮ್ಮೆ ನೆಲದ ಮೇಲೆ ಹೊರಳಿದೆ. "ನಿಧಾನ ಅಜ್ಜ, ಅದು ಮಲಗಿದೆ" ಎಂದ ಪೃಥ್ವಿ. ಮೂರನೆಯ ಪ್ರಯತ್ನದಲ್ಲಿ ಬಲೆ ನೆಲಕ್ಕೆ ಕೂತಿತು. ಮೃಗ ಎಚ್ಚೆತ್ತು ಮಿಂಚಿನ ಬಲೆಯಲ್ಲಿ ಒದ್ದಾಡಿತು. ಇಂಚರ ನಿದ್ದೆಯ ಔಷಧಿ ಎರಡು ಸಲ ಎಸೆದಳು. ಅಷ್ಟು ದೊಡ್ಡ ತಲೆ ಮೆಲ್ಲನೆ ನೆಲಕ್ಕೆ ಒರಗಿತು. ಸತ್ತಿರಲಿಲ್ಲ, ಗೊರಕೆ ಹೊಡೆಯುತ್ತಿತ್ತು.

ನಾಲ್ಕೂ ಹೆಡ್‌ಫೋನಿನಲ್ಲಿ ಎದ್ದ ಗಲಾಟೆಗೆ ಸೊಸೆ ಅಡುಗೆ ಮನೆಯಿಂದ ಓಡಿ ಬಂದಳು. "ಏನಾಯ್ತು ಮಾವ?"

"ಕ್ಯೂ ಕರಗಿತಮ್ಮ" ಎಂದೆ. ಅವಳಿಗೆ ಅರ್ಥವಾಗಲಿಲ್ಲ.

ಹೋಗುವವರಿಗೆ ಕೆಲವು ಮಾತು

ಪ್ರವಾಸ ಮುಗಿಸಿ ಬಂದವನು ಮುಂದೆ ಹೋಗುವವರಿಗೆ ನಾಲ್ಕು ಮಾತು ಹೇಳುವುದು ವಾಡಿಕೆ. ನನ್ನ ವಾರಗೆಯವರಿಗೆ ಮೊದಲನೆಯದು: ಒಂದು ದಿನಕ್ಕೆ ಒಂದೇ ಬೇಟೆ. 50 ನಿಮಿಷ ಸಾಕು, ಆಮೇಲೆ ಎದ್ದು ಕಿಟಕಿಯಾಚೆ ದೂರದ ಮರ ನೋಡಿ. ಎರಡನೆಯದು: ಹೆಬ್ಬೆರಳು ಮಾತು ಕೇಳಲು ಎರಡು ವಾರ ಬೇಕು, ಅಲ್ಲಿಯವರೆಗೆ ಗೋಡೆಗೆ ಹಾಯುವುದು ಅವಮಾನವಲ್ಲ. ಮೂರನೆಯದು: ಕೇಳಿಸಿಕೊಂಡ ಮಾತಿಗೆ ಮುನಿಸಿಕೊಂಡು ಕೂರಬೇಡಿ. ನಾನು ಕೂತ ಎರಡು ದಿನ ಲೆಕ್ಕಕ್ಕೆ ಬಾರದೆ ಹೋದವು.

ಮಕ್ಕಳೇ, ನಿಮಗೆ ಒಂದೇ ಮಾತು. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಮೂರು ಸಲ ಬಿದ್ದು ನಿಮ್ಮ ಆಟ ಕೆಡಿಸಿದರೆ ಬೇಜಾರಾಗುತ್ತದೆ, ಆಗಲಿ. ಆದರೆ ಅವರಿಗೆ ಹೊಂದುವ ಆಯುಧ ಯಾವುದು ಎಂದು ಒಂದು ಸಂಜೆ ಕೂತು ಹುಡುಕಿ. 14ರಲ್ಲಿ ಒಂದಾದರೂ ಇರುತ್ತದೆ.

ನಾನು ಶಿವಮೊಗ್ಗಕ್ಕೆ ವಾಪಸು ಬಂದಿದ್ದೇನೆ. ಇಲ್ಲಿ ನನ್ನ ಹತ್ತಿರ ಅಂಥ ಕಂಪ್ಯೂಟರ್ ಇಲ್ಲ. ಮೊನ್ನೆ ಪೃಥ್ವಿ ಫೋನ್ ಮಾಡಿದ್ದ. ಪುರಾತನ ಕಾಡಿನ ಆಚೆ ಮರಳುಗಾಡಿದೆ, ಅದರಾಚೆ ನೆಲದ ಮೇಲೆಯೇ ಹವಳ ಬೆಳೆಯುವ ಎತ್ತರದ ನಾಡಿದೆ, ದಸರಾ ರಜೆಗೆ ಬರಲೇಬೇಕು ಎಂದ. ನೋಟ್‌ಬುಕ್ಕಿನಲ್ಲಿ ಇನ್ನೂ ಅರ್ಧಕ್ಕೆ ಮೇಲೆ ಖಾಲಿ ಹಾಳೆ ಇದೆ. ರೈಲಿಗೆ ಸೀಟು ಕಾದಿರಿಸಿದ್ದೇನೆ.